ಅಡಗಲು ಜಾಗವಿಲ್ಲದ ಬಿಯರ್

ಯಾವ ಬಿಯರ್ ಚೆನ್ನ ಎಂಬ ಪ್ರಶ್ನೆಗೆ ಸುತ್ತಿ ಬಳಸದೆ ಉತ್ತರ ಹೇಳಿಬಿಡುತ್ತೇನೆ. ಮೊದಲನೆಯದು ಜೆಕ್ ಪದ್ಧತಿಯ ತಿಳಿಬಣ್ಣದ ಲಾಗರ್, ಅಂದರೆ ಮೂಲ ಪಿಲ್ಸ್‌ನರ್. ಅದರ ಬೆನ್ನಿಗೇ ಇಂಗ್ಲೆಂಡಿನ ಕಾಸ್ಕ್ ಬಿಟರ್, ಅಂದರೆ ಪೀಪಾಯಿಯಲ್ಲೇ ಹದಗೊಂಡು ಅಲ್ಲಿಂದಲೇ ಗ್ಲಾಸಿಗೆ ಬರುವ ಕಹಿ ಏಲ್. ಹುಳಿ ಒಗ್ಗುವವರಿಗೆ ಮೂರನೆಯದು ಬೆಲ್ಜಿಯಂನ ಗೂಜ್ ಎಂಬ ಹುಳಿ ಬಿಯರ್. ಹಾಪ್ಸ್ ಘಮ ತುಂಬಿದ ಐಪಿಎಗೆ (ಇಂಡಿಯಾ ಪೇಲ್ ಏಲ್) ನಾಲ್ಕನೆಯ ಜಾಗ; ಹಾಪ್ಸ್ ಅಂದರೆ ಬಿಯರ್‌ಗೆ ಕಹಿ, ಘಮ ಕೊಡುವ ಬಳ್ಳಿಯ ಹೂ. ನಾಲ್ಕನೆಯದೂ ಡಬ್ಬಿಗೆ ತುಂಬಿ ಎರಡು ತಿಂಗಳು ಮೀರಿರದಿದ್ದರೆ ಮಾತ್ರ. ಶೇಕಡಾ ಹತ್ತು ಹನ್ನೆರಡು ಆಲ್ಕೋಹಾಲ್ ಇರುವ, ಚಾಕೊಲೇಟು ವೆನಿಲಾ ಎಲ್ಲ ಸುರಿದ ಕಪ್ಪು ಇಂಪೀರಿಯಲ್ ಸ್ಟೌಟ್‌ಗಳನ್ನು ಜನ ತಲೆ ಮೇಲೆ ಹೊತ್ತು ಮೆರೆಸುತ್ತಾರೆ. ನನ್ನ ಪಟ್ಟಿಯಲ್ಲಿ ಅವು ತೀರ ಕೆಳಗೆ.

ಈ ಕ್ರಮಕ್ಕೆ ನಾನು ಹಿಡಿದಿರುವ ಅಳತೆಗೋಲು ಒಂದೇ: ಮಾಡುವವನು ತಪ್ಪಿದರೆ ಆ ತಪ್ಪು ಅಡಗಿಕೊಳ್ಳಲು ಬಿಯರ್‌ನಲ್ಲಿ ಎಷ್ಟು ಜಾಗವಿದೆ? ಹುರಿದ ಬಾರ್ಲಿಯ ಕರಕಲು, ರಾಶಿ ರಾಶಿ ಹಾಪ್ಸ್, ವೆನಿಲಾ, ಇವೆಲ್ಲ ಒಗ್ಗರಣೆ ಇದ್ದ ಹಾಗೆ. ಅಡುಗೆ ಕೆಟ್ಟಿದ್ದರೂ ಒಗ್ಗರಣೆಯ ಘಮದಲ್ಲಿ ಸಾಗಿಹೋಗುತ್ತದೆ. ತಿಳಿ ಲಾಗರ್‌ಗೆ ಆ ಸೌಲಭ್ಯ ಇಲ್ಲ. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ನೀರು, ಒಂದು ಜಾತಿಯ ಹಾಪ್ಸ್, ಯೀಸ್ಟ್. ನಾಲ್ಕರಲ್ಲಿ ಒಂದು ಹೆಜ್ಜೆ ತಪ್ಪಿದರೂ ನಾಲಿಗೆಗೆ ಸಿಕ್ಕಿಬೀಳುತ್ತದೆ.

ಮುಂದೆ ಹೋಗುವ ಮೊದಲು ಒಂದು ಗೊಂದಲ ಬಿಡಿಸಬೇಕು. ಲಾಗರ್ ಅಂದರೆ ತಿಳಿ, ಏಲ್ ಅಂದರೆ ಗಾಢ ಅಥವಾ ಸ್ಟ್ರಾಂಗ್ ಎಂದು ನಂಬಿದವರು ಬಹಳ. ಬಣ್ಣಕ್ಕೂ ಈ ವಿಂಗಡಣೆಗೂ ಸಂಬಂಧವೇ ಇಲ್ಲ. ಕಪ್ಪು ಲಾಗರ್ ಇದೆ, ಒಣಹುಲ್ಲಿನ ಬಣ್ಣದ ಏಲ್ ಇದೆ. ವ್ಯತ್ಯಾಸ ಯೀಸ್ಟಿನದು. ಏಲ್ ಯೀಸ್ಟ್ ಸಾಮಾನ್ಯವಾಗಿ 16ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲಸ ಮಾಡಿ ಕೆಲವೇ ದಿನಗಳಲ್ಲಿ ಸಕ್ಕರೆ ತಿಂದು ಮುಗಿಸುತ್ತದೆ. ಆ ಬೆಚ್ಚನೆಯಲ್ಲಿ ಎಸ್ಟರ್ ಎಂಬ ಹಣ್ಣಿನ ವಾಸನೆಯ ಅಂಶಗಳನ್ನೂ ಹುಟ್ಟಿಸುತ್ತದೆ. ಲಾಗರ್ ಯೀಸ್ಟ್ 8ರಿಂದ 13 ಡಿಗ್ರಿಯಲ್ಲಿ ನಿಧಾನಕ್ಕೆ ಹುದುಗಿಸುತ್ತದೆ. ಆಮೇಲೆ ಸೊನ್ನೆಯ ಹತ್ತಿರದ ತಣ್ಣನೆಯಲ್ಲಿ ವಾರಗಟ್ಟಲೆ ಇಡಬೇಕು. ಜರ್ಮನ್ ಭಾಷೆಯಲ್ಲಿ ಲಾಗರ್ನ್ ಅಂದರೆ ದಾಸ್ತಾನು ಮಾಡು ಎಂದರ್ಥ, ಹೆಸರು ಬಂದದ್ದು ಅಲ್ಲಿಂದಲೇ. ತಂಪಿನಲ್ಲಿ ಹಣ್ಣಿನ ವಾಸನೆ ಹುಟ್ಟುವುದು ಕಡಿಮೆ, ಹಾಗಾಗಿ ಮಾಲ್ಟ್ ಮತ್ತು ಹಾಪ್ಸ್ ಬೆತ್ತಲಾಗಿ ಕಾಣುತ್ತವೆ.

ಇನ್ನು ಪಿಲ್ಸ್‌ನರ್. ಈಗಿನ ಜೆಕ್ ದೇಶದಲ್ಲಿರುವ ಬೊಹೀಮಿಯಾದ ಪಿಲ್ಸೆನ್ ಊರಿನವರು ತಮ್ಮ ಬಿಯರ್ ಹಾಳಾಗಿ ಹಾಳಾಗಿ ಬೇಸತ್ತು ಹೊಸ ಬ್ರೂವರಿ ಕಟ್ಟಿಸಿ, ಬವೇರಿಯಾದಿಂದ ಜೋಸೆಫ್ ಗ್ರೋಲ್ ಎಂಬ ಬ್ರೂಯರ್‌ನನ್ನು ಕರೆಸಿಕೊಂಡರು. 1842ರ ಅಕ್ಟೋಬರ್‌ನಲ್ಲಿ ಅವನು ಕುದಿಸಿದ ಮೊದಲ ಬ್ಯಾಚು ಇಂದಿನ ಎಲ್ಲ ಚಿನ್ನದ ಬಣ್ಣದ ಲಾಗರ್‌ಗಳ ಮೂಲ. ಅದರಲ್ಲಿ ಮೂರು ಸಂಗತಿ ಒಟ್ಟಿಗೆ ಕೂಡಿಬಂದವು: ಹೊಗೆ ತಾಗದಂತೆ ಒಣಗಿಸಿದ ತಿಳಿ ಮಾಲ್ಟ್, ಅದೇ ಸೀಮೆಯ ಸಾಜ್ ಹಾಪ್ಸ್, ಲವಣವೇ ಇಲ್ಲವೆನ್ನುವಷ್ಟು ಮೆದುವಾದ ನೀರು. ನೀರಿನ ಪಾತ್ರವನ್ನು ಕುಡಿಯುವವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪಿಲ್ಸೆನ್ ನೀರಿನಲ್ಲಿ ಕರಗಿದ ಲವಣ ಎಲ್ಲ ಸೇರಿ ಲೀಟರಿಗೆ ಸುಮಾರು 50 ಮಿಲಿಗ್ರಾಂ. ಇಂಗ್ಲೆಂಡಿನ ಬರ್ಟನ್ ಊರಿನ ಬಾವಿ ನೀರಿನಲ್ಲಿ ಸಲ್ಫೇಟ್ ಒಂದೇ 600 ಮಿಲಿಗ್ರಾಂ ದಾಟುತ್ತದೆ. ಸಲ್ಫೇಟ್ ಹೆಚ್ಚಿದ್ದರೆ ಹಾಪ್ಸ್ ಕಹಿ ಚುರುಕಾಗಿ, ಒಣಗಿದಂತೆ ಗಂಟಲು ಹಿಡಿಯುತ್ತದೆ. ಇಲ್ಲದಿದ್ದರೆ ಅದೇ ಕಹಿ ದುಂಡಗೆ, ಮೆತ್ತಗೆ ಇಳಿಯುತ್ತದೆ. ಎರಡು ಊರು ಎರಡು ಬೇರೆ ಬಿಯರ್‌ಗಳಿಗೆ ಹೆಸರಾದ ಹಿಂದೆ ಮಾಡುವವರ ಜಾಣತನದಷ್ಟೇ ನೆಲದಡಿಯ ಕಲ್ಲಿನ ಪಾಲೂ ಇದೆ. ಮನೆಯಲ್ಲಿ ಬಿಯರ್ ಮಾಡುವವರು ಮೆದು ನೀರಿಗೆ ಜಿಪ್ಸಂ ಬೆರೆಸಿ ಬರ್ಟನ್ ನೀರನ್ನು ಅನುಕರಿಸುತ್ತಾರೆ. ಗಡಸು ನೀರನ್ನು ಪಿಲ್ಸೆನ್ ನೀರು ಮಾಡುವುದು ಅಷ್ಟು ಸಲೀಸಲ್ಲ, ಆರ್‌ಒ ನೀರೇ ಬೇಕು.

ಜೆಕ್ ಲಾಗರ್‌ನ ಕಹಿ ಕಡಿಮೆ ಏನಲ್ಲ. ಕಹಿಯನ್ನು ಐಬಿಯು ಎಂಬ ಅಂಕಿಯಲ್ಲಿ ಹೇಳುತ್ತಾರೆ. ಒಂದು ಲೀಟರಿನಲ್ಲಿ ಕರಗಿದ ಹಾಪ್ಸ್ ಆಮ್ಲದ ಮಿಲಿಗ್ರಾಂ ಲೆಕ್ಕಕ್ಕೆ ಹತ್ತಿರದ್ದು. ಎಲ್ಲೆಡೆ ಸಿಗುವ ಅಗ್ಗದ ಲಾಗರ್‌ಗಳಲ್ಲಿ ಅದು 10-15 ಇದ್ದರೆ, ಜೆಕ್ ಪಿಲ್ಸ್‌ನರ್‌ನಲ್ಲಿ 35-40. ಆದರೂ ನಾಲಿಗೆ ಮುರಿಯುವುದಿಲ್ಲ, ಏಕೆಂದರೆ ಹುದುಗದೆ ಉಳಿದ ಒಂದಿಷ್ಟು ಸಿಹಿ ಅದನ್ನು ಹೊರುತ್ತದೆ. ಆ ಸಿಹಿಗೆ ಮೈ ತುಂಬುವುದು ಡಿಕಾಕ್ಷನ್ ಎಂಬ ಹಳೆಯ ಕ್ರಮ. ಬಿಸಿನೀರಿನಲ್ಲಿ ನೆನೆಸಿದ ಮಾಲ್ಟಿನ ಸುಮಾರು ಮೂರರಲ್ಲೊಂದು ಪಾಲನ್ನು ಬೇರೆ ಹಂಡೆಗೆ ತೆಗೆದು, ಕುದಿಸಿ, ಮತ್ತೆ ಉಳಿದದ್ದಕ್ಕೆ ಸೇರಿಸುತ್ತಾರೆ. ಇದನ್ನು ಎರಡು ಮೂರು ಸಲ ಮಾಡಿದರೆ ಬ್ರೆಡ್ಡಿನ ಹೊರಪದರದ ರುಚಿ ಬರುತ್ತದೆ. ಗಂಟೆಗಟ್ಟಲೆ ಹೆಚ್ಚುವರಿ ಕೆಲಸ, ಇಂಧನ ಬೇರೆ. ಇಂದಿನ ಮಾಲ್ಟಿಗೆ ಇದರ ಅಗತ್ಯವೇ ಇಲ್ಲ ಎನ್ನುವ ಬ್ರೂಯರ್‌ಗಳಿದ್ದಾರೆ, ಅದೇ ರುಚಿ ಕೊಡುವ ಮೆಲನಾಯ್ಡಿನ್ ಎಂಬ ವಿಶೇಷ ಮಾಲ್ಟ್ ಒಂದು ಹಿಡಿ ಹಾಕಿದರೆ ಸಾಕು ಎನ್ನುತ್ತಾರೆ. ಹತ್ತಿರ ಬರುತ್ತದೆ, ನಿಜ. ಪಕ್ಕದಲ್ಲಿಟ್ಟು ಕುಡಿದರೆ ಮಾತ್ರ ಹಿಡಿ ಮಾಲ್ಟಿನದು ಮುಂದೆ ಬಂದು ನಿಲ್ಲುತ್ತದೆ, ಡಿಕಾಕ್ಷನ್‌ನದು ಹಿಂದೆ ಹರಡಿರುತ್ತದೆ.

ನೊರೆಯ ವಿಷಯಕ್ಕೆ ಬಂದರೆ ಜೆಕ್ ನಲ್ಲಿಗೆ ಸಾಟಿಯಿಲ್ಲ. ಅಲ್ಲಿನ ಹಳೆಯ ಶೈಲಿಯ ನಲ್ಲಿಯಲ್ಲಿ ಪಕ್ಕಕ್ಕೆ ತಿರುಗಿಸುವ ಚೆಂಡಿನ ಕವಾಟ ಇರುತ್ತದೆ. ಸ್ವಲ್ಪವೇ ತಿರುಗಿಸಿದರೆ ಹಾಲಿನಂಥ ಒದ್ದೆ ನೊರೆ, ಪೂರ್ತಿ ತಿರುಗಿಸಿದರೆ ಬಿಯರ್. ಮೊದಲು ಮಗ್ಗಿನ ತಳಕ್ಕೆ ಎರಡು ಮೂರು ಬೆರಳು ನೊರೆ ಬಿಟ್ಟು, ನಲ್ಲಿಯ ಮೂತಿಯನ್ನು ನೊರೆಯೊಳಗೇ ಅದ್ದಿ ಕೆಳಗಿನಿಂದ ಬಿಯರ್ ತುಂಬುತ್ತಾರೆ. ನೊರೆ ಮೇಲೇಳುತ್ತಾ ಹೋಗುತ್ತದೆ, ಬಿಯರ್‌ಗೆ ಗಾಳಿ ತಾಗುವುದೇ ಇಲ್ಲ. ನೊರೆ ಹೆಚ್ಚಾಯಿತು, ಮೋಸ ಎಂದು ಸಿಡುಕುವವರು ಒಮ್ಮೆ ನೊರೆಯ ಮೂಲಕವೇ ಹೀರಿ ನೋಡಬೇಕು. ಹಾಪ್ಸ್ ಕಹಿಯ ಒಂದಂಶ ನೊರೆಗೆ ಅಂಟಿಕೊಳ್ಳುತ್ತದೆ, ಹೆಚ್ಚಿನ ಗ್ಯಾಸ್ ಅಲ್ಲೇ ಹೊರಬೀಳುತ್ತದೆ, ಹಾಗಾಗಿ ಕೆಳಗಿನ ಬಿಯರ್ ನುಣುಪಾಗುತ್ತದೆ, ಹೊಟ್ಟೆ ಉಬ್ಬುವುದಿಲ್ಲ.

ಅಗ್ಗದ ಲಾಗರ್ ಬಗ್ಗೆ ಒಂದು ಮಾತು. ಅದರಲ್ಲಿ ಅಕ್ಕಿ ಅಥವಾ ಜೋಳ ಬೆರೆಸಿರುವುದೇ ದೋಷ ಎಂಬ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಅಕ್ಕಿಯಿಂದ ಬಿಯರ್ ಹಗುರಾಗುತ್ತದೆ ಅಷ್ಟೆ, ಕೆಡುವುದಿಲ್ಲ. 1516ರ ಬವೇರಿಯಾದ ಕಾನೂನು ಬಾರ್ಲಿ, ಹಾಪ್ಸ್, ನೀರು ಮಾತ್ರ ಎಂದು ಹೇಳಿತ್ತು ಎಂದು ಎತ್ತಿ ಹಿಡಿಯುವವರಿಗೆ ನೆನಪಿರಲಿ, ಆ ಪಟ್ಟಿಯಲ್ಲಿ ಯೀಸ್ಟಿನ ಹೆಸರೇ ಇರಲಿಲ್ಲ. ತೊಂದರೆ ಇರುವುದು ಬೇರೆ ಕಡೆ: ಕಹಿಯೂ ಇಲ್ಲದೆ ಮಾಲ್ಟೂ ಇಲ್ಲದೆ ತೆಳ್ಳಗಾದ ಬಿಯರ್‌ಗೆ ಐಸಿನಷ್ಟು ತಂಪು ಬೇಕೇ ಬೇಕು. ಮೂರು ಡಿಗ್ರಿಯಲ್ಲಿ ಎಲ್ಲ ಲಾಗರ್‌ಗಳೂ ಒಂದೇ. ಎಂಟು ಡಿಗ್ರಿಗೆ ಬರಲಿ, ಬಣ್ಣ ಬಯಲಾಗುತ್ತದೆ.

ಹಾಗಾಗಿ ತಂಪಿನ ಅಂಕಿಗಳನ್ನು ಹೇಳಿಬಿಡುವುದು ಒಳ್ಳೆಯದು. ಜೆಕ್ ಅಥವಾ ಜರ್ಮನ್ ತಿಳಿ ಲಾಗರ್‌ಗೆ 5-7 ಡಿಗ್ರಿ. ಗೋಧಿ ಬಿಯರ್‌ಗೆ 6-8. ಪೇಲ್ ಏಲ್, ಐಪಿಎಗೆ 7-10. ಕಾಸ್ಕ್ ಏಲ್‌ಗೆ 11-13. ಸ್ಟ್ರಾಂಗ್ ಬೆಲ್ಜಿಯನ್, ಇಂಪೀರಿಯಲ್ ಸ್ಟೌಟ್‌ಗಳಿಗೆ 12-14. ಫ್ರಿಜ್ಜಿನ ಒಳಗೆ ನಾಲ್ಕು ಡಿಗ್ರಿ ಇರುತ್ತದೆ ಎಂದುಕೊಂಡರೆ ಐಪಿಎಯನ್ನು ತೆಗೆದು ಹದಿನೈದು ನಿಮಿಷ ಹೊರಗಿಡಿ, ಇಂಪೀರಿಯಲ್ ಸ್ಟೌಟನ್ನು ಅರ್ಧ ಗಂಟೆಗೂ ಮೇಲೆ. ಫ್ರೀಜರಿನಲ್ಲಿ ಹಿಮ ಹಿಡಿಸಿದ ಮಗ್ಗು ನೋಡಲು ಚೆಂದ, ಉಪಯೋಗಕ್ಕೆ ದಂಡ. ಗಾಜಿಗೆ ಅಂಟಿದ ಮಂಜಿನ ಹರಳುಗಳು ಗ್ಯಾಸನ್ನು ಕೆರಳಿಸಿ ನೊರೆ ಉಕ್ಕಿಸುತ್ತವೆ, ಕರಗಿದ ನೀರು ಬಿಯರನ್ನು ತೆಳು ಮಾಡುತ್ತದೆ, ನಾಲಿಗೆ ಜೋಮು ಹಿಡಿಯುತ್ತದೆ.

ಗ್ಲಾಸು ತೊಳೆದದ್ದು ಸರಿಯಿಲ್ಲದಿದ್ದರೆ ಮೇಲಿನ ಎಲ್ಲವೂ ವ್ಯರ್ಥ. ಎಣ್ಣೆ ಜಿಡ್ಡು, ಲಿಪ್‌ಸ್ಟಿಕ್, ಸೋಪಿನ ಪದರ ಇವು ನೊರೆಗೆ ಮೃತ್ಯು. ಪರೀಕ್ಷೆ ಸುಲಭ: ಗ್ಲಾಸಿನೊಳಗೆ ನೀರು ಹಾಕಿ ಚೆಲ್ಲಿ. ನೀರು ಒಂದೇ ಹಾಳೆಯಾಗಿ ಜಾರಿದರೆ ಚೊಕ್ಕಟ, ಹನಿಹನಿಯಾಗಿ ನಿಂತರೆ ಜಿಡ್ಡು ಉಳಿದಿದೆ. ಬಿಯರ್ ಹಾಕಿದ ಮೇಲೆ ಗಾಜಿನ ಪಕ್ಕಕ್ಕೆ ಗುಳ್ಳೆಗಳು ಅಂಟಿಕೊಂಡು ಕೂತರೂ ಅದೇ ಅರ್ಥ, ಅದು ಬಿಯರ್‌ನ ಚುರುಕಲ್ಲ. ಬಟ್ಟೆಯಿಂದ ಒರೆಸಬೇಡಿ, ನೂಲು ಮತ್ತು ಜಿಡ್ಡು ಎರಡೂ ಉಳಿಯುತ್ತವೆ. ಬೋರಲು ಹಾಕಿ ಗಾಳಿಗೆ ಒಣಗಲಿ. ಸುರಿಯುವ ಮುಂಚೆ ತಣ್ಣೀರಿನಲ್ಲಿ ಒಮ್ಮೆ ಜಾಲಿಸಿ.

ಇಂಗ್ಲೆಂಡಿನ ಕಾಸ್ಕ್ ಬಿಟರ್ ಬಗ್ಗೆ ಮೂಗು ಮುರಿಯುವವರ ದೂರು ಎರಡು: ಬೆಚ್ಚಗಿದೆ, ಗ್ಯಾಸಿಲ್ಲ. ಬೆಚ್ಚಗಲ್ಲ, ನೆಲಮಾಳಿಗೆಯ ತಂಪು. ಗ್ಯಾಸಿನ ಮಾತು ಮಾತ್ರ ನಿಜ. ಸಾಮಾನ್ಯ ಲಾಗರ್ ಒಂದು ಲೀಟರಿನಲ್ಲಿ ಸುಮಾರು ಎರಡೂವರೆ ಲೀಟರಿನಷ್ಟು ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ, ಕಾಸ್ಕ್ ಏಲ್‌ನಲ್ಲಿ ಒಂದಕ್ಕಿಂತ ಸ್ವಲ್ಪವೇ ಹೆಚ್ಚು. ಕರಗಿದ ಗ್ಯಾಸು ತಾನೂ ಆಮ್ಲವಾಗಿ ನಾಲಿಗೆಯನ್ನು ಚುಚ್ಚಿ ಉಳಿದ ರುಚಿಯನ್ನು ಮುಚ್ಚುತ್ತದೆ. ಅದು ಕಡಿಮೆಯಾದಾಗ ಶೇ. 3.8ರ ಪುಟ್ಟ ಬಿಯರಿನಲ್ಲೂ ಬಿಸ್ಕತ್ತಿನಂಥ ಮಾಲ್ಟ್, ಮಾರ್ಮಲೇಡಿನಂಥ ಹಾಪ್ಸ್ ಎರಡೂ ಬಿಡಿಬಿಡಿಯಾಗಿ ಸಿಗುತ್ತವೆ. ಕಡಿಮೆ ಆಲ್ಕೋಹಾಲಿನಲ್ಲಿ ಇಷ್ಟು ರುಚಿ ಹಿಡಿಸುವುದು ಬ್ರೂಯರ್‌ಗೆ ಕಷ್ಟದ ಕೆಲಸ, ಅದಕ್ಕೇ ಎರಡನೆಯ ಸ್ಥಾನ.

ಕಾಸ್ಕ್‌ನ ಕಷ್ಟ ಬ್ರೂವರಿಯಲ್ಲಿ ಮುಗಿಯುವುದಿಲ್ಲ, ಪಬ್ಬಿನಲ್ಲಿ ಶುರುವಾಗುತ್ತದೆ. ಪೀಪಾಯಿಯೊಳಗೆ ಜೀವಂತ ಯೀಸ್ಟ್ ಇರುತ್ತದೆ. ಬಂದ ತಕ್ಷಣ ಅಲುಗಾಡದಂತೆ ಮಲಗಿಸಿ, ಮೇಲಿನ ಬಿರಟೆಗೆ ಮೆದು ಮರದ ಗೂಟ ಹೊಡೆದು ಹೆಚ್ಚಿನ ಗ್ಯಾಸು ಹೊರಗೆ ಬಿಡಬೇಕು. ಬುಸುಗುಟ್ಟುವುದು ನಿಂತ ಮೇಲೆ ಗಟ್ಟಿ ಮರದ ಗೂಟ ಹಾಕಿ ಉಳಿದ ಗ್ಯಾಸನ್ನು ಹಿಡಿದಿಡಬೇಕು. ಗಸಿ ತಳಕ್ಕೆ ಇಳಿಯಲು ಒಂದೆರಡು ದಿನ. ನಲ್ಲಿ ಬಿಚ್ಚಿ ಮಾರಲು ಶುರು ಮಾಡಿದ ಮೇಲೆ ಖಾಲಿಯಾದ ಜಾಗಕ್ಕೆ ಗಾಳಿ ನುಗ್ಗುತ್ತದೆ, ಮೂರು ದಿನದೊಳಗೆ ಮುಗಿಯಬೇಕು. ನಾಲ್ಕನೆಯ ದಿನ ಘಮ ಮಾಯ, ಐದನೆಯ ದಿನಕ್ಕೆ ವಿನೆಗರಿನ ಎಳೆ. ಕಾಸ್ಕ್ ಏಲ್ ಕುಡಿದು ಮುಖ ಸಿಂಡರಿಸಿದವರಲ್ಲಿ ಎಷ್ಟೋ ಮಂದಿ ಕುಡಿದದ್ದು ಐದನೆಯ ದಿನದ್ದೇ ಇರಬೇಕು. ಗಿರಾಕಿ ಕಡಿಮೆ ಇರುವ ಪಬ್ಬಿನಲ್ಲಿ ಆರು ಕಾಸ್ಕ್ ನಲ್ಲಿ ಸಾಲಾಗಿ ಕಂಡರೆ ಅದು ವೈಭವವಲ್ಲ, ಅಪಾಯದ ಸೂಚನೆ. ಸೋಸಿ, ಹೊರಗಿನಿಂದ ಗ್ಯಾಸು ತುಂಬಿದ ಕೆಗ್ ಬಿಯರ್ ಎಲ್ಲವನ್ನೂ ನುಂಗಿಹಾಕುತ್ತಿದ್ದ ಕಾಲದಲ್ಲಿ, 1971ರಲ್ಲಿ, ಕ್ಯಾಮ್ರಾ ಎಂಬ ಗ್ರಾಹಕರ ಸಂಘಟನೆ ಹುಟ್ಟಿ ಇದನ್ನು ಉಳಿಸಿಕೊಂಡಿತು.

ಗೂಜ್ ತಯಾರಿಯಲ್ಲಿ ಯೀಸ್ಟ್ ಹಾಕುವುದೇ ಇಲ್ಲ. ಬ್ರಸೆಲ್ಸ್ ಸುತ್ತಲಿನ ಬ್ರೂವರಿಗಳಲ್ಲಿ ಚಳಿಗಾಲದ ರಾತ್ರಿ, ಕುದಿಸಿದ ರಸವನ್ನು ಅಗಲವಾದ ತಟ್ಟೆಯಂಥ ತೊಟ್ಟಿಗೆ ಹರಿಸಿ ಗಾಳಿಯಲ್ಲಿರುವ ಜೀವಾಣುಗಳಿಗೆ ಬಿಟ್ಟುಬಿಡುತ್ತಾರೆ. ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಹುದುಗಿದ್ದು ಲ್ಯಾಂಬಿಕ್. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್‌ಗಳನ್ನು ಬೆರೆಸಿ ಬಾಟಲಿಗೆ ತುಂಬಿದರೆ ಎಳೆಯದರಲ್ಲಿ ಉಳಿದ ಸಕ್ಕರೆಯಿಂದ ಮತ್ತೆ ಹುದುಗು ಬಂದು ಗೂಜ್ ಆಗುತ್ತದೆ. ಹಸಿ ಹುಳಿ, ಹಳೆಯ ಚರ್ಮದ, ಒಣಹುಲ್ಲಿನ ವಾಸನೆ. ಮೊದಲ ಗುಟುಕಿಗೆ ತೀರ್ಪು ಕೊಡಬೇಡಿ, ಮೂರನೆಯ ಗುಟುಕಿನ ಹೊತ್ತಿಗೆ ನಾಲಿಗೆ ಹುಳಿಗೆ ಹೊಂದಿಕೊಂಡು ಉಳಿದದ್ದನ್ನು ಹುಡುಕತೊಡಗುತ್ತದೆ.

ಬೆಲ್ಜಿಯಂನ ಟ್ರ್ಯಾಪಿಸ್ಟ್ ಎಂಬ ಕ್ರೈಸ್ತ ಸನ್ಯಾಸಿಗಳ ಮಠದ ಬಿಯರ್‌ಗಳಲ್ಲಿ ನನ್ನ ಆಯ್ಕೆ ಓರ್ವಾಲ್. ಶೇ. 6.2, ಬಾಟಲಿಗೆ ತುಂಬುವಾಗ ಬ್ರೆಟನೊಮೈಸಿಸ್ ಎಂಬ ಕಾಡು ಯೀಸ್ಟ್ ಸೇರುತ್ತದೆ. ತುಂಬಿದ ದಿನಾಂಕ ಲೇಬಲ್ ಮೇಲೇ ಇರುತ್ತದೆ, ಇದನ್ನು ನೋಡದೆ ಕೊಳ್ಳುವುದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡಂತೆ. ಎರಡು ಮೂರು ತಿಂಗಳದ್ದಾದರೆ ಹಾಪ್ಸ್ ಘಮ ಮುಂದೆ. ಒಂದು ವರ್ಷ ದಾಟಿದರೆ ಹಾಪ್ಸ್ ಹಿಂದೆ ಸರಿದು ಚರ್ಮ, ಒಣಗಿದ ಕಿತ್ತಳೆ ಸಿಪ್ಪೆ. ಆರು ತಿಂಗಳ ಆಸುಪಾಸಿನದು ಎರಡರ ನಡುವೆ ತೂಗುತ್ತದೆ, ನನ್ನ ಮತ ಅದಕ್ಕೆ. ಇಂಥದೇ ಇನ್ನೊಂದು ಮಠದ ವೆಸ್ಟ್‌ಮಾಲೆ ಟ್ರಿಪೆಲ್ ಶೇ. 9.5 ಇದ್ದರೂ ಒಣಒಣವಾಗಿ ಇಳಿಯುವ ಗುಟ್ಟು ಸಕ್ಕರೆ: ಪೂರ್ತಿ ಹುದುಗಿಹೋಗುವುದರಿಂದ ಅದು ಮೈ ಕೊಡುವುದಿಲ್ಲ, ಆಲ್ಕೋಹಾಲ್ ಮಾತ್ರ ಕೊಡುತ್ತದೆ. ಸಕ್ಕರೆ ಹಾಕಿದರೆ ಸಿಹಿಯಾಗುತ್ತದೆ ಎನ್ನುವವರಿಗೆ ಇದು ಉತ್ತರ.

ಜರ್ಮನಿಯ ಗೋಧಿ ಬಿಯರ್‌ನ ಬಾಳೆಹಣ್ಣು, ಲವಂಗದ ವಾಸನೆ ಎರಡೂ ಯೀಸ್ಟ್ ಕೊಡುವುದು, ಯಾರೂ ಬೆರೆಸಿದ್ದಲ್ಲ. ಮಾಲ್ಟನ್ನು 43-45 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಲವಂಗ ಏರುತ್ತದೆ, ಹುದುಗುವಾಗ ಬೆಚ್ಚಗಾದರೆ ಬಾಳೆ. ಬಾಳೆಯೊಂದೇ ಹೊಡೆಯುವ ಬಿಯರ್ ಮಿಠಾಯಿಯಂತಿರುತ್ತದೆ. ಗ್ಲಾಸನ್ನು ಬಹುತೇಕ ಅಡ್ಡ ಮಲಗಿಸಿ ನಿಧಾನಕ್ಕೆ ಸುರಿಯಿರಿ, ಎರಡು ಬೆರಳು ಉಳಿದಾಗ ಬಾಟಲಿಯನ್ನು ಗಿರಕಿ ಹೊಡೆಸಿ ತಳದ ಯೀಸ್ಟನ್ನೂ ಮೇಲೆ ಹಾಕಿ. ನಿಂಬೆ ಹೋಳು ಬೇಡ, ನೊರೆ ಸಾಯುತ್ತದೆ.

ಐಪಿಎ ನಾಲ್ಕನೆಯದಾದದ್ದು ಅದರ ರುಚಿ ಕಡಿಮೆ ಎಂದಲ್ಲ, ಆಯುಸ್ಸು ಕಡಿಮೆ ಎಂದು. ಕ್ಯಾಸ್ಕೇಡ್, ಸಿಟ್ರಾ, ಸಿಮ್ಕೋ ಹಾಪ್ಸ್‌ಗಳ ಕಿತ್ತಳೆ, ಮಾವು, ಪೈನ್ ಮರದ ಘಮ ಹಾರಿಹೋಗುವ ಎಣ್ಣೆಗಳದ್ದು, ಆಕ್ಸಿಜನ್ ಕಂಡರೆ ಮೊದಲು ಸಾಯುವುದೂ ಅವೇ. ಬಿಯರ್ ಉದ್ಯಮದಲ್ಲಿ ಒಂದು ಒರಟು ಲೆಕ್ಕ ಓಡಾಡುತ್ತದೆ: 32 ಡಿಗ್ರಿಯಲ್ಲಿ 3 ದಿನ, 22 ಡಿಗ್ರಿಯಲ್ಲಿ 30 ದಿನ, 3 ಡಿಗ್ರಿಯಲ್ಲಿ 300 ದಿನ, ಮೂರೂ ಬಿಯರನ್ನು ಒಂದೇ ಸಮ ಮುದಿ ಮಾಡುತ್ತವೆ. ಕಾವಿರುವ ಗೋದಾಮಿನಲ್ಲಿ ವಾರ ಕಳೆದ ಐಪಿಎಯನ್ನು ಆಮೇಲೆ ಎಷ್ಟು ತಣ್ಣಗಿಟ್ಟರೂ ಕಳೆದುಹೋದದ್ದು ವಾಪಸು ಬಾರದು. ಮಬ್ಬು ಐಪಿಎ ಆಗಿದ್ದರೆ ಬಣ್ಣವೇ ಹೇಳುತ್ತದೆ: ಹಳದಿ ಹೋಗಿ ಕಂದು-ಬೂದು ಕವಿದಿದ್ದರೆ ಕೆಳಗಿಡಿ. ಮಾರಾಟದ ಕೊನೆಯ ದಿನಾಂಕ ನಂಬಬೇಡಿ, ತುಂಬಿದ ದಿನಾಂಕ ಹುಡುಕಿ.

ಸ್ಟೌಟ್ ಬಗ್ಗೆ ದೀರ್ಘವಾಗಿ ಹೇಳುವುದಿಲ್ಲ. ಕಪ್ಪೆಂದರೆ ಭಾರ ಎಂಬುದು ಕಣ್ಣಿನ ಮೋಸ: ಡ್ರಾಫ್ಟ್ ಗಿನ್ನೆಸ್ ಶೇ. 4.2, ಎಷ್ಟೋ ತಿಳಿ ಲಾಗರ್‌ಗಳಿಗಿಂತ ಹಗುರ. ಆ ಕೆನೆ ನೈಟ್ರೋಜನ್‌ನದು, ಹಾಲಿನದಲ್ಲ. ಈ ಒಣ ಸ್ಟೌಟ್ ನನಗೆ ಪ್ರಿಯವೇ. ಜಗಳ ಇರುವುದು ಸಿಹಿತಿಂಡಿಯಂಥ ಇಂಪೀರಿಯಲ್‌ಗಳೊಂದಿಗೆ. ಶೇ. 10ರ 330 ಮಿಲಿ ಬಾಟಲಿಯಲ್ಲಿ ಸುಮಾರು 26 ಗ್ರಾಂ ಆಲ್ಕೋಹಾಲ್, ಶೇ. 5ರ ಎರಡು ಬಾಟಲಿಯಷ್ಟು. ಅರ್ಧ ಗ್ಲಾಸಿಗೆ ನಾಲಿಗೆ ಸುಸ್ತು.

ಈಗ ದೋಷಗಳು. ಇವು ಗೊತ್ತಿಲ್ಲದೆ ಯಾವ ಬಿಯರನ್ನೂ ಕೆಟ್ಟದ್ದೆಂದು ತಳ್ಳಬಾರದು, ಏಕೆಂದರೆ ಅರ್ಧ ಸಲ ತಪ್ಪು ಬಿಯರ್‌ನದಲ್ಲ, ಸಾಗಿಸಿದವನದು. ಹಸಿರು ಅಥವಾ ಬಿಳಿ ಬಾಟಲಿ ಬಿಸಿಲಲ್ಲಿ ನಿಂತರೆ ಕೆಲವೇ ನಿಮಿಷದಲ್ಲಿ ಹಾಪ್ಸ್‌ನ ಕಹಿ ಅಂಶ ಬೆಳಕಿಗೆ ಒಡೆದು, ಗಂಧಕ ಬೆರೆತ ಸುಟ್ಟ ರಬ್ಬರಿನಂಥ ನಾತ ಹೊಡೆಯುತ್ತದೆ; ಕಂದು ಗಾಜು ಬಹುಪಾಲು ತಡೆಯುತ್ತದೆ, ಡಬ್ಬಿ ಪೂರ್ತಿ ತಡೆಯುತ್ತದೆ. ಒದ್ದೆ ರಟ್ಟಿನ ವಾಸನೆ ಬಂದರೆ ಆಕ್ಸಿಜನ್ ಮತ್ತು ಕಾವು. ಬೇಯಿಸಿದ ಜೋಳ ಅಥವಾ ಎಲೆಕೋಸಿನ ವಾಸನೆ ಬಂದರೆ ಡಿಎಂಎಸ್ ಎಂಬ ಗಂಧಕದ ಸಂಯುಕ್ತ, ತಿಳಿ ಮಾಲ್ಟಿನ ರಸವನ್ನು ಮುಚ್ಚಳ ತೆಗೆದು 60-90 ನಿಮಿಷ ಜೋರಾಗಿ ಕುದಿಸಿಲ್ಲ, ಇಲ್ಲವೇ ಬೇಗ ತಣಿಸಿಲ್ಲ. ಹಸಿ ಸೇಬಿನ ವಾಸನೆಯಾದರೆ ಹುದುಗು ಮುಗಿಯುವ ಮುಂಚೆ ಅವಸರದಲ್ಲಿ ತೆಗೆದಿದ್ದಾರೆ.

ಬೆಣ್ಣೆಯ ವಾಸನೆ ಮಾತ್ರ ಜಾರುಬಂಡೆ. ಅದು ಡೈಅಸಿಟೈಲ್. ಲಾಗರ್ ಹುದುಗುವಿಕೆ ಮುಗಿಯುತ್ತ ಬಂದಾಗ 15-18 ಡಿಗ್ರಿಗೆ ಏರಿಸಿ ಎರಡು ಮೂರು ದಿನ ಬಿಟ್ಟರೆ ಯೀಸ್ಟೇ ಅದನ್ನು ಮರಳಿ ನುಂಗುತ್ತದೆ. ಜೆಕ್ ಲಾಗರ್‌ನಲ್ಲಿ ಒಂದು ಎಳೆ ಬೆಣ್ಣೆ ಇದ್ದರೆ ಗುಣ, ಜರ್ಮನ್ ಪಿಲ್ಸ್‌ನಲ್ಲಿ ಅಷ್ಟೇ ಇದ್ದರೂ ದೋಷ. ಆದರೆ ಡ್ರಾಫ್ಟ್ ಬಿಯರ್‌ನಲ್ಲಿ ಬೆಣ್ಣೆಯ ಜೊತೆ ಹುಳಿಯೂ ಬಂತೆಂದರೆ ಬ್ರೂವರಿಯನ್ನು ಬೈಯಬೇಡಿ, ಪೈಪಿನಲ್ಲಿ ಬ್ಯಾಕ್ಟೀರಿಯಾ ಮನೆ ಮಾಡಿದೆ. ಎರಡು ವಾರಕ್ಕೊಮ್ಮೆ ಕಾಸ್ಟಿಕ್ ದ್ರಾವಣ ಹಾಯಿಸಿ ಪೈಪು ತೊಳೆಯಬೇಕು, ನಲ್ಲಿ ಬಿಚ್ಚಿ ಉಜ್ಜಬೇಕು. ಅನುಮಾನ ಬಂದರೆ ಅದೇ ಬಿಯರ್‌ನ ಬಾಟಲಿ ತರಿಸಿ ಪಕ್ಕದಲ್ಲಿಟ್ಟು ನೋಡಿ.

ಇಷ್ಟೆಲ್ಲ ಓದಿಯೂ ನಿಮ್ಮ ಮೆಚ್ಚಿನ ಲಾಗರ್ ಬೇರೆ ಎಲ್ಲಕ್ಕಿಂತ ಮೇಲು ಎನಿಸಿದರೆ ತ್ರಿಕೋನ ಪರೀಕ್ಷೆ ಮಾಡಿ. ಒಂದೇ ಬಗೆಯ ಮೂರು ಗ್ಲಾಸು, ತಲಾ 100 ಮಿಲಿ, ಎಲ್ಲಕ್ಕೂ ಒಂದೇ ತಂಪು. ಎರಡು ಗ್ಲಾಸಿನಲ್ಲೂ ಒಂದೇ ಬಿಯರ್, ಮೂರನೆಯದರಲ್ಲಿ ಪೈಪೋಟಿಯ ಬಿಯರ್. ಸುರಿಯುವವರು ಬೇರೆಯವರಿರಲಿ, ಬಣ್ಣ ಸುಳಿವು ಕೊಡದಂತೆ ಕಣ್ಣು ಕಟ್ಟಿಕೊಳ್ಳಿ. ಬೇರೆಯಾಗಿರುವುದು ಯಾವುದು ಎಂದಷ್ಟೇ ಹೇಳಿ, ನಡುನಡುವೆ ನೀರು, ಉಪ್ಪಿಲ್ಲದ ಬ್ರೆಡ್ಡು. ಪ್ರತಿ ಸಲ ಗ್ಲಾಸುಗಳ ಜಾಗ ಬದಲಿಸಿ ಆರು ಸಲ. ಎರಡು ಗುಟುಕಿಗಿಂತ ಹೆಚ್ಚು ನುಂಗಬೇಡಿ, ಇಲ್ಲವಾದರೆ ಕೊನೆಯ ಸುತ್ತಿನ ಹೊತ್ತಿಗೆ ಎಲ್ಲವೂ ಅಮೃತ. ಐದು ಸಲ ಸರಿಯಾದರೆ ನಿಮ್ಮ ನಾಲಿಗೆಗೆ ವ್ಯತ್ಯಾಸ ನಿಜಕ್ಕೂ ಗೊತ್ತು. ಎರಡು ಸಲ ಸರಿಯಾದರೆ, ಅಷ್ಟು ಸುಮ್ಮನೆ ಬೆರಳು ತೋರಿಸಿದರೂ ಸಿಗುತ್ತಿತ್ತು.